ಬಲೆಯ ಅಂಟು ಮುಗಿದ ದಿನ

ನನ್ನ ಮನೆ ಕುಂಬಳೆ ಹತ್ತಿರ. ಕೆಲಸ ಡಬ್ಬಿಂಗ್‌ಗೆ ಕನ್ನಡ ಸಂಭಾಷಣೆ ಬರೆಯುವುದು. ಸ್ಟುಡಿಯೊ ಬೆಂಗಳೂರಿನಲ್ಲಿದೆ, ನಾನು ಇಲ್ಲೇ ಕೂತು ಬರೆದು ಕಳಿಸುತ್ತೇನೆ. ಪಾತ್ರದ ತುಟಿ ಮುಚ್ಚಿದ ಕಡೆ ನಮ್ಮ ಮಾತಿನಲ್ಲೂ ಪ, ಬ, ಮ ಬರಬೇಕು. ಇಷ್ಟು ವರ್ಷದಲ್ಲಿ ಅದು ಕೈಗೆ ಕೂತಿದೆ.

ಕಳೆದ ವರ್ಷ ಸ್ಪೈಡರ್ ಮ್ಯಾನ್ ಕಾರ್ಟೂನಿನ ಒಂದು ಕಂತು ಬಂತು. ಕಟ್ಟಡದಿಂದ ಕಟ್ಟಡಕ್ಕೆ ಹಾರುತ್ತಿರುವಾಗ ಹುಡುಗ ಅಂಗೈಗೆ ಬೆರಳು ಒತ್ತುತ್ತಾನೆ. ಬಲೆ ಬರುವುದಿಲ್ಲ. 'ಎಂಪ್ಟಿ' ಅನ್ನುತ್ತಾನೆ. ನಾನು 'ಶಕ್ತಿ ಮುಗೀತಾ!' ಎಂದು ಬರೆದೆ. ತುಟಿಗೆ ಸರಿಯಾಗಿ ಕೂತಿತು. ರೆಕಾರ್ಡಿಂಗೂ ಆಯಿತು.

ಎಂಟನೇ ಕ್ಲಾಸಿನ ಅಕ್ಕನ ಮಗ ನನ್ನ ಸ್ಕ್ರಿಪ್ಟ್ ನೋಡಿ ಕೇಳಿದ: "ಮಾವಾ, ಶಕ್ತಿ ಯಾಕೆ ಮುಗಿಯುವುದು? ಮುಗಿದದ್ದು ಅಂಟು ಅಲ್ವಾ? ಅದನ್ನು ಅವನೇ ಮಾಡಿ ಸಣ್ಣ ಡಬ್ಬಿಗೆ ತುಂಬಿಸಿ ಕೈಗೆ ಕಟ್ಟಿಕೊಳ್ಳುವುದು."

ಅವನು ಹೇಳಿದ್ದು ನಿಜ. ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ 1962ರಲ್ಲಿ ಈ ಹುಡುಗನನ್ನು ಕಾಮಿಕ್ಸಿನಲ್ಲಿ ಮೊದಲು ತಂದಾಗಲೇ ಬಲೆ ಎಸೆಯುವ ಯಂತ್ರ ಅವನೇ ಮಾಡಿದ್ದು. ನನ್ನ ತಲೆಯಲ್ಲಿ ಇದ್ದದ್ದು 2002ರ ಸಿನಿಮಾ. ಅದರಲ್ಲಿ ಬಲೆ ಅವನ ಮೈಯಿಂದಲೇ ಬರುತ್ತದೆ. 2012ರ ಸಿನಿಮಾದಲ್ಲಿ ಯಂತ್ರ ವಾಪಸ್ ಬಂತು. ನಾನು ಕೇಳಿ ತಿಳಿದುಕೊಳ್ಳದೆ ಒಂದರದ್ದನ್ನು ಇನ್ನೊಂದಕ್ಕೆ ಹಾಕಿದ್ದೆ.

ಒಂದೇ ಶಬ್ದ ಅಲ್ವಾ ಅಂತ ಅನಿಸಬಹುದು. ಆದರೆ ಶಕ್ತಿ ಮುಗಿದರೆ ಅವನು ದಣಿದ ಅಂತ ಅರ್ಥ. ಅಂಟು ಮುಗಿದರೆ, ಕೈಯಲ್ಲಿ ಕಾಸಿಲ್ಲದ, ವಿಜ್ಞಾನದ ಹುಚ್ಚಿರುವ ಹುಡುಗನೊಬ್ಬ ರಾತ್ರಿ ಕೂತು ಮಾಡಿಟ್ಟದ್ದು ಖಾಲಿಯಾಯಿತು ಅಂತ. ಅವನ ಬುದ್ಧಿ, ಬಡತನ ಎರಡೂ ಆ ಡಬ್ಬಿಯಲ್ಲಿವೆ. ನಾನು ಅದನ್ನೇ ಅಳಿಸಿದ್ದೆ.

ಹಾಗಂತ ಸಿನಿಮಾದವರು ಕಾಮಿಕ್ಸಿನ ಒಂದು ಗೆರೆಯನ್ನೂ ದಾಟಬಾರದು ಅನ್ನುವವನಲ್ಲ ನಾನು. ಮೂಲ ಅನ್ನುವುದಾದರೂ ಎಲ್ಲಿ ನಿಂತಿದೆ? 1938ರ ಸೂಪರ್‌ಮ್ಯಾನ್‌ಗೆ ಹಾರಲು ಬರುತ್ತಿರಲಿಲ್ಲ, ದೊಡ್ಡ ನೆಗೆತ ನೆಗೆಯುತ್ತಿದ್ದ ಅಷ್ಟೇ. ಅವನನ್ನು ಸೋಲಿಸುವ ಕ್ರಿಪ್ಟೊನೈಟ್ ಕಲ್ಲು 1943ರಲ್ಲಿ ಮೊದಲು ಬಂದದ್ದು ರೇಡಿಯೊ ನಾಟಕದಲ್ಲಿ. ಕಾಮಿಕ್ಸಿನವರು ಅದನ್ನು ಆಮೇಲೆ ತೆಗೆದುಕೊಂಡರು.

ನಮ್ಮ ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ಇಲ್ಲಿಯವರಿಗೆ ಇದು ಹೊಸತಲ್ಲ. ವೇಷ, ಕುಣಿತ ಇಲ್ಲದೆ ಕೂತು ನಡೆಸುವ ತಾಳಮದ್ದಳೆಯಲ್ಲಿ ಹಾಡುವ ಪದ ಭಾಗವತರದು, ಪಾತ್ರವಾಗಿ ಆಡುವ ಮಾತು, ಅಂದರೆ ಅರ್ಥ, ಅರ್ಥಧಾರಿಯದು. ವಾಲಿಯ ಅರ್ಥ ಹೇಳುವವರು ಒಂದೊಂದು ರಾತ್ರಿ ಒಂದೊಂದು ವಾದ ಹೂಡುತ್ತಾರೆ, ರಾಮನನ್ನು ನೀರಿಳಿಸುತ್ತಾರೆ. ಆದರೆ ಬಾಣ ತಾಗಿದ ವಾಲಿ ಎದ್ದು ಮನೆಗೆ ಹೋಗುವುದಿಲ್ಲ.

ಸ್ಪೈಡರ್ ಮ್ಯಾನ್‌ನಲ್ಲೇ ಅಂಥ ಒಳ್ಳೆಯ ಬದಲಾವಣೆ ಉಂಟು. ದೊಡ್ಡ ಶಕ್ತಿಯ ಜೊತೆ ದೊಡ್ಡ ಹೊಣೆಯೂ ಬರುತ್ತದೆ ಎಂಬ ಮಾತು ಕಾಮಿಕ್ಸಿನ ಮೊದಲ ಕತೆಯಲ್ಲಿ ಯಾರೂ ಆಡಿದ್ದಲ್ಲ, ಆ ಕತೆಯ ಕೊನೆಯ ಚೌಕದಲ್ಲಿ ಬರುವ ನಿರೂಪಣೆ. 2002ರ ಸಿನಿಮಾದಲ್ಲಿ ಅದನ್ನು ಚಿಕ್ಕಪ್ಪ ಬೆನ್ ಹೇಳುತ್ತಾನೆ. ಭಾಗವತರ ಪದ ಪಾತ್ರದ ಬಾಯಿಗೆ ಬಂದ ಹಾಗಾಯಿತು. ಹುಡುಗ ಅದಕ್ಕೆ ಸಿಡುಕುತ್ತಾನೆ, ಆಮೇಲೆ ಚಿಕ್ಕಪ್ಪ ಸಾಯುತ್ತಾನೆ. ಆ ಪಶ್ಚಾತ್ತಾಪ ಜಾಸ್ತಿ ಚುಚ್ಚುತ್ತದೆ. ಇಲ್ಲಿ ಮಾತಿನ ತಿರುಳು ಬದಲಾಗಲಿಲ್ಲ, ಆಡುವವನು ಬದಲಾದ. ಮೂಲದಲ್ಲಿ ಆ ಮಾತು ಯಾಕಿತ್ತು ಎಂದು ಗೊತ್ತಿದ್ದವರು ಮಾಡಿದ ಕೆಲಸ ಅದು.

ಈಗ ಹೊಸ ಕೆಲಸ ಬಂದರೆ ಮೊದಲು ಆ ಪಾತ್ರದ ಹಳೆಯ ಕತೆ ಹುಡುಕಿ ಓದುತ್ತೇನೆ. ಪಾತ್ರದ ಕೈಯಲ್ಲಿರುವ ವಸ್ತು ಏನು, ಯಾಕಿದೆ, ಎಲ್ಲಿಂದ ಬಂತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಅದಕ್ಕೆ ಅರ್ಧ ದಿನ ಹೋಗುತ್ತದೆ, ಹೋಗಲಿ.

ತಪ್ಪನ್ನು ನಾನೇ ಫೋನ್ ಮಾಡಿ ಒಪ್ಪಿಕೊಂಡೆ. ಆ ಒಂದು ಸಾಲಿಗೆ ಕಲಾವಿದರು ಮತ್ತೆ ಸ್ಟುಡಿಯೊಗೆ ಬರಬೇಕಾಯಿತು. ಈಗ ಅಲ್ಲಿರುವುದು 'ಅಂಟು ಮುಗೀತಾ!' ಮ ಅದೇ ಜಾಗದಲ್ಲಿದೆ. ಅಕ್ಕನ ಮಗನಿಗೆ ಕೇಳಿಸಿದೆ. "ಈಗ ಸರಿ ಉಂಟು" ಅಂದ. 2002ರ ಸಿನಿಮಾದವರು ಯಂತ್ರ ತೆಗೆದದ್ದನ್ನು ಮಾತ್ರ ಅವನು ಇನ್ನೂ ಒಪ್ಪಿಲ್ಲ. ಬೆಳೆಯುವ ಹುಡುಗನ ಮೈಯಲ್ಲಾಗುವ ಬದಲಾವಣೆ ತೋರಿಸಲು ಅದು ಬೇಕಿತ್ತು ಎಂದು ನಾನು ಹೇಳುತ್ತೇನೆ. ಊಟಕ್ಕೆ ಕೂತಾಗೆಲ್ಲ ಆ ವಾದ ನಡೆಯುತ್ತದೆ.