ಅದರಾಗ ಹಾಡು ಎಲ್ಲದ?

"ಇದನ್ನ ಯಾಕ ಕೇಳ್ತೀರಿ? ಇದರಾಗ ಹಾಡು ಎಲ್ಲದ?" ಕಲಬುರಗಿಯಲ್ಲಿ ನನ್ನ ಗುರುತಿನವರೆಲ್ಲ ಒಮ್ಮೆಯಾದರೂ ಇದನ್ನು ಕೇಳಿದ್ದಾರೆ. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸ್ತೀನಿ, ಓದಿಕೊಳ್ಳಿ.

'ಇದು' ಅಂದರೆ ಅಮೆರಿಕದ ಸಂಗೀತಕಾರ ಸ್ಟೀವ್ ರೈಶ್ ಅವರ 'ಡಿಫರೆಂಟ್ ಟ್ರೇನ್ಸ್' (ಬೇರೆ ಬೇರೆ ರೈಲುಗಳು) ಅನ್ನುವ ಸಂಗೀತ ಕೃತಿ. 1988ರದು, ಸುಮಾರು 27 ನಿಮಿಷ. ಎರಡು ವಯೊಲಿನ್, ವಯೊಲಿನ್‌ಗಿಂತ ಸ್ವಲ್ಪ ದೊಡ್ಡದಾದ ಒಂದು ವಯೋಲ, ಇನ್ನೂ ದೊಡ್ಡದಾದ, ತಗ್ಗು ದನಿಯ ಒಂದು ಚೆಲ್ಲೊ, ಜೊತೆಗೆ ಟೇಪು. ಮೊದಲು ನುಡಿಸಿದವರು ಕ್ರೋನೋಸ್ ಕ್ವಾರ್ಟೆಟ್ ಅನ್ನುವ ನಾಲ್ವರ ತಂಡ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಬರೆದವರೆಲ್ಲ ಯಾವಾಗಲೋ ಸತ್ತರು ಅಂದುಕೊಂಡಿರುವವರಿಗೆ ಹೇಳಿಬಿಡ್ತೀನಿ: 1936ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈ ಮನುಷ್ಯ ಇದ್ದಾರೆ.

ಒಮ್ಮೆ ಬೀದರಿಗೆ ಹೋಗುವಾಗ ಕಾರಿನಲ್ಲಿ ಹಚ್ಚಿದ್ದೆ. ಸೋದರಮಾವ ಸ್ವಲ್ಪ ಹೊತ್ತು ತಡೆದುಕೊಂಡರು. ಆಮೇಲೆ, "ಏ, ಪೆನ್‌ಡ್ರೈವ್ ಸಿಕ್ಕೊಂಡದ ನೋಡು" ಅಂದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಅದನ್ನು ಕಿತ್ತು, ಉಫ್ ಅಂತ ಊದಿ, ಮತ್ತೆ ಹಾಕಿದರು. ಮತ್ತೆ ಅದೇ ಸಾಲು, ಅದೇ ತಾಳ. "ಕೆಟ್ಟದ" ಅಂತ ತೀರ್ಪು ಕೊಟ್ಟರು. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಳ್ಳಲು ಇಳಿದಾಗ ಹಣ್ಣಿನವನಿಗೂ ಅದನ್ನೇ ಹೇಳಿದರು.

ಇದೇ ಮಾವ ಬಂದೇ ನವಾಜ್ ದರ್ಗಾದ ಉರುಸಿನಲ್ಲಿ ಕವ್ವಾಲಿಗೆ ರಾತ್ರಿಯಿಡೀ ಕೂರುತ್ತಾರೆ. ಒಂದೇ ಸಾಲನ್ನು ಎಷ್ಟು ಸಲ ತಿರುಗಿಸಿ ಹಾಡಿದರೂ ತಲೆದೂಗುತ್ತಾರೆ. ಅಲ್ಲಿ ಯಾರೂ ಹೋಗಿ ಹಾರ್ಮೋನಿಯಂ ಊದುವುದಿಲ್ಲ, ಅಲ್ವಾ?

ಸರಿ, ಹಾಡು ಎಲ್ಲಿದೆ? ಮಾತಿನಲ್ಲಿದೆ. ರೈಶ್ ಚಿಕ್ಕವರಿದ್ದಾಗ ಅಪ್ಪ ಅಮ್ಮ ಬೇರೆಯಾದರು. ಅಪ್ಪ ನ್ಯೂಯಾರ್ಕ್, ಅಮ್ಮ ಲಾಸ್ ಏಂಜಲೀಸ್. 1939ರಿಂದ 1942ರವರೆಗೆ, ನೋಡಿಕೊಳ್ಳುವ ಹೆಂಗಸಿನ ಜೊತೆ ಹುಡುಗ ರೈಲಿನಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿದ. ದೊಡ್ಡವರಾದ ಮೇಲೆ ಅವರಿಗೆ ಹೊಳೆದದ್ದು ಇದು: ತಾನು ಯಹೂದಿ, ಅದೇ ವರ್ಷಗಳಲ್ಲಿ ಯೂರೋಪಿನಲ್ಲಿ ಇದ್ದಿದ್ದರೆ ಹತ್ತುತ್ತಿದ್ದ ರೈಲೇ ಬೇರೆ. ಹಿಟ್ಲರನ ಶಿಬಿರಕ್ಕೆ ಹೋಗುವ ರೈಲು.

ಹಾಗಾಗಿ ಆ ಹೆಂಗಸಿನ ಮಾತು, ರೈಲಿನಲ್ಲಿ ಕೆಲಸ ಮಾಡಿ ನಿವೃತ್ತನಾದ ಒಬ್ಬ ಪೋರ್ಟರನ ಮಾತು, ಶಿಬಿರಗಳ ಕಾಲವನ್ನು ದಾಟಿ ಬದುಕಿದವರ ಮಾತು ಎಲ್ಲವನ್ನೂ ಟೇಪಿನಿಂದ ಆಯ್ದು ತುಂಡು ಮಾಡಿದರು. ಮಾತಾಡುವಾಗ ದನಿ ಎಲ್ಲಿ ಏರಿತು, ಎಲ್ಲಿ ಇಳಿಯಿತು ಅಂತ ಸ್ವರ ಹಾಕಿದರು. ಹೆಂಗಸರ ದನಿಗೆ ವಯೋಲ, ಗಂಡಸರ ದನಿಗೆ ಚೆಲ್ಲೊ. ಕೆಳಗೆ ಆ ಕಾಲದ ರೈಲಿನ ಸದ್ದು. ಎರಡನೇ ಭಾಗದಲ್ಲಿ ಸೈರನ್ ಬರುತ್ತದೆ. ಪೆನ್‌ಡ್ರೈವ್ ಊದಿದ್ದು ಅಲ್ಲಿಗೆ ಮುಟ್ಟುವ ಮುಂಚೆ. ಅದಕ್ಕೇ ನನಗೆ ಇನ್ನೂ ಸಿಟ್ಟು.

ನನಗೆ ಬೇಕಾದ ಪ್ರಶ್ನೆ ಬೇರೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ನಮ್ಮ ಕಡೆ ಇಂಥದ್ದು ಮಾಡಿದರೆ ಯಾರ ದನಿ ಹಿಡೀತೀಯ? ರೈಲಿಗೆ ವಾಡಿ ಜಂಕ್ಷನ್ ಇದ್ದೇ ಇದೆ. ಮಾತಿಗಂತೂ ಬರವಿಲ್ಲ. ನಾವು ಸುಮ್ನೆ "ಎಲ್ಲಿಗಿ ಹೊಂಟಿ?" ಅಂದರೂ ಬೆಂಗಳೂರಿನವರಿಗೆ ಜಗಳ ಶುರುವಾದಂತೆ ಕೇಳಿಸುತ್ತದೆ. ಅಷ್ಟು ಏರಿಳಿತ!

ಮೊದಲು ಸೋದರತ್ತೆಯ ದನಿ. "ಏ ಯಪ್ಪಾ, ಯಾವಾಗ ಬಂದ್ಯೋ?" ಅನ್ನುವಾಗ ಆ ಕೊನೆಯ 'ಯೋ' ಎಲ್ಲಿಗೋ ಹೋಗಿ ಬರುತ್ತದೆ. ಆಮೇಲೆ ಮಾವನದು, "ಕೆಟ್ಟದ" ಅಂತ. ಅದು ಚೆಲ್ಲೊಗೆ. ಎಷ್ಟು ಸಲ ಬರಬೇಕು ಅನ್ನುವುದನ್ನು ನಾನೇ ತೀರ್ಮಾನಿಸ್ತೀನಿ.