ಅಪ್ಪ ಓದಿದ ವಚನ, ಹಳದಿ ಕಪ್ಪು ಪಟ್ಟೆ

ಅಣ್ಣ ಅಮೆರಿಕದ ಕ್ರೈಸ್ತ ಮೆಟಲ್ ಬ್ಯಾಂಡ್ ಸ್ಟ್ರೈಪರ್‌ನ ಕ್ಯಾಸೆಟ್ ತಂದಾಗ ನಾನು ಎಂಟನೇ ಕ್ಲಾಸು. ಹುಬ್ಬಳ್ಳಿ ಮನೆ, ಭಾನುವಾರ ಮಧ್ಯಾಹ್ನ. ಗಿಟಾರ್ ಶುರುವಾಗಿದ್ದೇ ತಡ, ಅಪ್ಪ ನಿದ್ದೆಯಿಂದ ಎದ್ದು ಬಂದರು. "ಏನಲೇ ಇದು, ದೇವರ ಹಾಡು ಹಿಂಗ ಹಾಡ್ತಾರೇನು?"

ಅಣ್ಣ ಮಾತಾಡಲಿಲ್ಲ. ಕವರ್ ಕೊಟ್ಟು, ಬ್ಯಾಂಡಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಯೆಶಾಯ 53:5 ತೋರಿಸಿದ. ಅಪ್ಪ ಕನ್ನಡಕ ಹಾಕಿಕೊಂಡು ತಮ್ಮ ಬೈಬಲ್ ತೆಗೆದು ನೋಡಿದರು. ಅವನಿಗೆ ಬಿದ್ದ ಬಾಸುಂಡೆಗಳಿಂದ ನಮಗೆ ಗುಣವಾಯಿತು ಅನ್ನೋ ವಚನ. ಇಂಗ್ಲಿಷಿನ ಹಳೇ ಬೈಬಲ್ಲಿನಲ್ಲಿ ಬಾಸುಂಡೆಗೆ ಸ್ಟ್ರೈಪ್ಸ್ ಅಂತಿದೆ. ಪಟ್ಟೆಗೂ ಅದೇ ಪದ. ಅದಕ್ಕೇ ಆ ಹೆಸರು, ಅದಕ್ಕೇ ಮೈತುಂಬಾ ಹಳದಿ ಕಪ್ಪು ಪಟ್ಟೆ. ಅಪ್ಪ ಸ್ವಲ್ಪ ಹೊತ್ತು ಸುಮ್ನೆ ನಿಂತು, "ಸಣ್ಣಗೆ ಹಚ್ಚ್ರಿ" ಅಂದು ಒಳಗೆ ಹೋದರು.

2016ರಲ್ಲಿ, ಅಮೆರಿಕದಲ್ಲಿ, ನಾನು ಅವರನ್ನು ಕಣ್ಣಾರೆ ನೋಡಿದೆ. 'ಟು ಹೆಲ್ ವಿತ್ ದ ಡೆವಿಲ್' ಬಂದು 30 ವರ್ಷ ಅಂತ ಇಡೀ ಆಲ್ಬಮ್ ನುಡಿಸೋ ಟೂರ್ ಅದು. ಕೆಲಸ ಮುಗಿಸಿ ಎರಡು ಗಂಟೆ ಕಾರು ಓಡಿಸಿಕೊಂಡು ಹೋದೆ. ಪಕ್ಕದಲ್ಲಿ ನರೆತ ಗಡ್ಡದವರು, ಮಕ್ಕಳನ್ನು ಕರ್ಕೊಂಡು ಬಂದವರು. ರಾಬರ್ಟ್ ಸ್ವೀಟ್ ಡ್ರಮ್ಸ್ ಅಡ್ಡಡ್ಡ ಇಟ್ಟಿರ್ತಾರೆ, ನಮಗೆ ಅವರ ಒಂದು ಮಗ್ಗುಲು ಕಾಣುತ್ತೆ, ಕೋಲು ಬೀಳೋದು, ಪಾದ ತುಳಿಯೋದು ಎಲ್ಲಾ. ಅವರ ತಮ್ಮ, ಹಾಡುಗಾರ ಮೈಕಲ್ ಬಾಯಿ ತೆರೆದರೆ ಅದೇ ಏರುದನಿ.

ಇವರು ಎರಡೂ ಕಡೆಯಿಂದ ಪೆಟ್ಟು ತಿಂದವರು. ಮೆಟಲ್ ಕೇಳೋರು ಬೈಬಲ್ ನೋಡಿ ನಕ್ಕರು, ಚರ್ಚಿನವರು ಕೂದಲು ನೋಡಿ ಸಿಟ್ಟಾದರು. ಅಮೆರಿಕದ ಧರ್ಮಬೋಧಕ ಜಿಮ್ಮಿ ಸ್ವಾಗರ್ಟ್ ಅವರ ಟಿವಿ ಪ್ರಸಂಗ ಕೇಳಿ ವಿಶ್ವಾಸಕ್ಕೆ ಬಂದ ಮನೆ ಈ ಸ್ವೀಟ್ ಅಣ್ಣತಮ್ಮಂದಿರದು, ಮುಂದೆ ಅದೇ ಸ್ವಾಗರ್ಟ್ ಇವರನ್ನು ಜರಿದರು. ನನಗೆ ಇದು ಇವತ್ತಿಗೂ ನೋವು ಕೊಡುತ್ತೆ. 1992ರಲ್ಲಿ ಮೈಕಲ್ ಹೊರಟರು, ಬ್ಯಾಂಡ್ ಒಡೀತು. ಮತ್ತೆ ಸೇರಿದ್ದು 2003ರಲ್ಲಿ. 2009ರಲ್ಲಿ ಮೈಕಲ್ ಹೆಂಡತಿ ಕ್ಯಾನ್ಸರ್‌ನಿಂದ ತೀರಿಕೊಂಡರು. ನಾನು ನೋಡಿದ ಎರಡು ವರ್ಷಕ್ಕೆ ಗಿಟಾರಿಸ್ಟ್ ಆಜ್ ಫಾಕ್ಸ್ ಸ್ಟೇಜಿನ ಮೇಲೇ ಕುಸಿದುಬಿದ್ದರು, ಮಿದುಳಿನಲ್ಲಿ ಗೆಡ್ಡೆ. ಆಪರೇಷನ್ ಆಗಿ ಮತ್ತೆ ಗಿಟಾರ್ ಹಿಡಿದರು. 2024ರಲ್ಲೂ ಹೊಸ ಆಲ್ಬಮ್ ಬಂತು.

ನಾನು ನೋಡಿದ ಆ ರಾತ್ರಿ ಜನರ ಕಡೆ ಬೈಬಲ್ ಎಸೆದರು, ಹಿಂದಿನ ಶೋಗಳಲ್ಲಿ ಎಸೀತಿದ್ದ ಹಾಗೇ. ಒಂದು ನನ್ನ ಭುಜಕ್ಕೆ ಬಡಿದು ಕೆಳಗೆ ಬಿತ್ತು. ಪಕ್ಕದವರು ಎತ್ತಿ ನನ್ನ ಕೈಗೇ ಕೊಟ್ಟರು. ಅಂಗೈ ಅಗಲದ ಹೊಸ ಒಡಂಬಡಿಕೆ, ಅಂದರೆ ಬೈಬಲ್ಲಿನ ಎರಡನೇ ಭಾಗ ಮಾತ್ರ, ಹಾಳೆ ಈರುಳ್ಳಿ ಸಿಪ್ಪೆಯಷ್ಟು ತೆಳು.

ಪಾರ್ಕಿಂಗಿನಲ್ಲಿ ಕೂತು ಅಣ್ಣನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಹೊತ್ತು. ಇದರಲ್ಲಿ ಯೆಶಾಯನೇ ಇಲ್ಲ ಕಣೋ, ಬರೀ ಹೊಸ ಒಡಂಬಡಿಕೆ ಅಂದೆ.

"ಪೇತ್ರನ ಮೊದಲನೇ ಪತ್ರ ತೆಗಿ. ಎರಡು, ಇಪ್ಪತ್ನಾಕು. ಅಪ್ಪ ಅವತ್ತು ರಾತ್ರಿ ಊಟ ಆದಮೇಲೆ ನನಗ ಅದನ್ನೂ ಓದಿಸಿದ್ರು."

ಇದು ನನಗೆ ಗೊತ್ತೇ ಇರಲಿಲ್ಲ. ಕಾರಿನ ಒಳಗಿನ ಲೈಟ್ ಹಾಕಿಕೊಂಡು ಹಾಳೆ ತಿರುವಿದೆ. ಅದೇ ಬಾಸುಂಡೆಯ ಮಾತು, ಇಲ್ಲೂ ಇತ್ತು.