ಗಿಯೋನ್‌ನಲ್ಲಿ ಎಲ್ಲಿ ನಿಂತರೆ ಗೇಷಾ ಕಾಣಸಿಗುತ್ತಾರೆ?

ಕ್ಯೋಟೋಗೆ ಹೊರಟವರೆಲ್ಲ ತಪ್ಪದೆ ಕೇಳುವ ಪ್ರಶ್ನೆ ಇದು. ಜೊತೆಗೆ ಇನ್ನೊಂದು: "ಫೋಟೋ ತೆಗೆಯಬಹುದೇ?" ಗಿಯೋನ್ ಎಂದರೆ ಜಪಾನಿನ ಈ ನಗರದಲ್ಲಿ ಗೇಷಾ, ಅಂದರೆ ನೃತ್ಯ-ಸಂಗೀತದಿಂದ ಅತಿಥಿಗಳನ್ನು ರಂಜಿಸುವ ಕಲಾವಿದೆಯರು, ಇರುವ ಬಡಾವಣೆ.

ದಯವಿಟ್ಟು ಕಾದು ನಿಲ್ಲಬೇಡಿ ಎಂಬುದೇ ನನ್ನ ಉತ್ತರ. ಸಂಜೆ ಹನಾಮಿಕೋಜಿ ಬೀದಿಯಲ್ಲಿ ಕಾಣುವ ಮೈಕೊ, ಅಂದರೆ ಕಲಿಕೆಯ ಹಂತದ ಗೇಷಾ, ಕೆಲಸಕ್ಕೆ ಹೊರಟಿರುವ ಹುಡುಗಿ. ಇನ್ನೂ ನೃತ್ಯ, ಶಾಮಿಸೆನ್ ಎಂಬ ತಂತಿವಾದ್ಯ ಕಲಿಯುತ್ತಿರುವವಳು; ಪೂರ್ಣ ಕಲಾವಿದೆ, ಅಂದರೆ ಗೇಕೊ (ಗೇಷಾಗೆ ಕ್ಯೋಟೋದ ಹೆಸರು) ಆಗಲು ಅವಳಿಗೆ ವರ್ಷಗಳೇ ಬೇಕು. ಕಾಲಲ್ಲಿ ಎತ್ತರದ ಮರದ ಪಾದುಕೆ, ಬೆನ್ನಿನಿಂದ ಹಿಮ್ಮಡಿಯವರೆಗೆ ಇಳಿಬಿದ್ದ ಭಾರದ ನಡುಪಟ್ಟಿ, ಅದರ ತುದಿಯಲ್ಲಿ ಅವಳು ವಾಸಿಸುವ ಮನೆಯ ಲಾಂಛನ. ಅಷ್ಟನ್ನೂ ಹೊತ್ತು ಬಿರಬಿರನೆ ನಡೆಯುವುದು ಚಹಾಮನೆಯಲ್ಲಿ, ಅಂದರೆ ಗೇಕೊ-ಮೈಕೊ ಅತಿಥಿಗಳನ್ನು ರಂಜಿಸುವ ಮನೆಯಲ್ಲಿ, ಅತಿಥಿಗಳು ಕಾಯುತ್ತಿರುವುದರಿಂದ. ಅಂಥವಳನ್ನು ಅಡ್ಡಗಟ್ಟಿದವರು, ಕಿಮೋನೊ ಹಿಡಿದು ಜಗ್ಗಿದವರು ಇದ್ದಾರೆ. ನಮ್ಮ ಮನೆಯ ಹುಡುಗಿಗೆ ಹೀಗಾದರೆ ಸಹಿಸುತ್ತೇವೆಯೇ?

ಬೇಸತ್ತ ನಿವಾಸಿಗಳು 2019ರಲ್ಲಿ ಖಾಸಗಿ ಓಣಿಗಳಲ್ಲಿ ಫೋಟೋ ನಿಷೇಧಿಸಿ, 10,000 ಯೆನ್ ದಂಡದ ಫಲಕ ಹಾಕಿದರು. ಅದೂ ಸಾಲದಾಗಿ 2024ರಲ್ಲಿ ಕೆಲವು ಓಣಿಗಳಿಗೆ ಪ್ರವಾಸಿಗರು ಕಾಲಿಡುವುದನ್ನೇ ತಡೆದರು. ಹನಾಮಿಕೋಜಿ ಸಾರ್ವಜನಿಕ ರಸ್ತೆ, ಧಾರಾಳವಾಗಿ ಅಡ್ಡಾಡಿ. ಪಕ್ಕಕ್ಕೆ ತಿರುಗುವ ಮುನ್ನ ಫಲಕ ನೋಡಿ. ಚಹಾಮನೆಯ ಬಾಗಿಲು ಸರಿಸಿ ಇಣುಕಬೇಡಿ. ಪರಿಚಿತರ ಶಿಫಾರಸಿಲ್ಲದ ಹೊಸಬರನ್ನು, ಜಪಾನೀಯರೇ ಆದರೂ, ಒಳಗೆ ಬಿಡದಿರುವುದು ಅಲ್ಲಿನ ಹಳೆಯ ರೂಢಿ. (ಹಗಲಲ್ಲಿ ನಿಧಾನವಾಗಿ ನಿಂತು ಪೋಸು ಕೊಡುವ ಮೈಕೊ ಹೆಚ್ಚಾಗಿ ಬಾಡಿಗೆ ವೇಷ ತೊಟ್ಟ ಪ್ರವಾಸಿಯೇ. ಅವರನ್ನೂ ಕೇಳಿಯೇ ಫೋಟೋ ತೆಗೆಯಿರಿ.)

ಹಾಗಾದರೆ ನೋಡುವುದೇ ಬೇಡವೇ? ಖಂಡಿತ ನೋಡಬೇಕು, ರಂಗದ ಮೇಲೆ. ರಾಜಧಾನಿಯ ಪಟ್ಟ ಟೋಕಿಯೋ ಪಾಲಾಗಿ ಕಳೆಗುಂದಿದ್ದ ಕ್ಯೋಟೋಗೆ ಜೀವ ತುಂಬಲೆಂದು ನಡೆಸಿದ ವಸ್ತುಪ್ರದರ್ಶನದ ಅಂಗವಾಗಿ 1872ರಲ್ಲಿ ಆರಂಭವಾದದ್ದು ಮಿಯಾಕೊ ಓದೊರಿ ನೃತ್ಯೋತ್ಸವ. ಇಂದಿಗೂ ಪ್ರತಿ ಏಪ್ರಿಲ್‌ನಲ್ಲಿ ನಡೆಯುತ್ತದೆ. ಇದಕ್ಕೆ ಯಾರ ಶಿಫಾರಸೂ ಬೇಡ, ಟಿಕೆಟ್ ಸಾಕು. "ಯೋಯ್ ಯಾಸಾ" ಎಂಬ ಕೂಗಿನೊಡನೆ, ನೀಲಿ ಕಿಮೋನೊ ತೊಟ್ಟವರು ಚೆರ್ರಿ ಹೂವಿನ ಬೀಸಣಿಗೆ ಹಿಡಿದು ಪ್ರೇಕ್ಷಕರ ಬದಿಯಿಂದಲೇ ಸಾಲಾಗಿ ರಂಗಕ್ಕೆ ಬರುತ್ತಾರೆ. ಚಹಾ ಸೇರಿದ ಟಿಕೆಟ್ ಕೊಳ್ಳಿ ಎಂದು ನಾನು ಒತ್ತಾಯಿಸುತ್ತೇನೆ. ಪ್ರದರ್ಶನಕ್ಕೆ ಮುಂಚೆ ಗೇಕೊ ನಿಮ್ಮ ಕಣ್ಣೆದುರೇ ಚಹಾ ಸಿದ್ಧಪಡಿಸುತ್ತಾರೆ, ಸಿಹಿ ಇಟ್ಟುಕೊಟ್ಟ ಪುಟ್ಟ ತಟ್ಟೆಯನ್ನು ಮನೆಗೇ ಒಯ್ಯಬಹುದು.

ಏಪ್ರಿಲ್ ತಪ್ಪಿದರೆ ಕ್ಯೋಟೋದ ಇತರ ಗೇಕೊ ಬಡಾವಣೆಗಳ ನೃತ್ಯೋತ್ಸವಗಳಿವೆ: ಮೇ ತಿಂಗಳಲ್ಲಿ ಪೊಂಟೊಚೊದ ಕಾಮೊಗಾವ ಓದೊರಿ ಇದೆ, ನವೆಂಬರ್‌ನಲ್ಲಿ ಗಿಯೋನ್ ಹಿಗಾಶಿಯವರ ಗಿಯೋನ್ ಓದೊರಿ ಇದೆ. ವಿಮಾನದ ಟಿಕೆಟ್ ಕಾಯ್ದಿರಿಸುವ ಮುಂಚೆ ಈ ದಿನಾಂಕಗಳನ್ನು ನೋಡಿಕೊಳ್ಳಿ.